ಸೋಲಾರ್‌ನಲ್ಲಿ ಓಡುವ ಮೈನಿಂಗ್ ಯಂತ್ರ ಕೈಕೊಟ್ಟಾಗ: ಕಾರವಾರ–ಶಿರಸಿ ಕಡೆಯ ಮನೆಗಳಿಗೆ ದೋಷ ಹುಡುಕುವ ಕ್ರಮ

ಬಿಟ್‌ಕಾಯಿನ್ ದುಡಿಯಲು ಬಿಡದೆ ಲೆಕ್ಕ ಮಾಡುವ ಕಂಪ್ಯೂಟರೇ ಮೈನಿಂಗ್ ಯಂತ್ರ, ಅಂದರೆ ಮೈನರ್. ಅದು ನಿಂತಿತು ಎಂದ ಕೂಡಲೇ ಎಲ್ಲರ ಅನುಮಾನ ಹೋಗುವುದು ಚಿಪ್‌ನ ಮೇಲೆ. ಬೋರ್ಡ್ ಬಿಚ್ಚಿ ಬೆಂಗಳೂರಿಗೆ ಕಳಿಸುತ್ತಾರೆ; ಎರಡು ವಾರ ಕಾದ ಮೇಲೆ ‘ಬೋರ್ಡ್ ಸರಿಯಾಗಿಯೇ ಇದೆ’ ಎಂಬ ಚೀಟಿಯೊಂದಿಗೆ ಅದು ವಾಪಸ್ ಬರುತ್ತದೆ. ತಪ್ಪು ಇದ್ದದ್ದು ಬ್ಯಾಟರಿಯ ಲಗ್‌ನಲ್ಲೋ (ತಂತಿಯ ತುದಿಗೆ ಒತ್ತಿದ ಲೋಹದ ಬಳೆ), ಮಾಡಿನ ಮೇಲಿನ ಕನೆಕ್ಟರ್‌ನಲ್ಲೋ. ಕಾರವಾರ, ಅಂಕೋಲಾ, ಕುಮಟಾದ ಉಪ್ಪುಗಾಳಿಯೂ ಶಿರಸಿ ಕಡೆಯ ನಾಲ್ಕು ತಿಂಗಳ ಥಂಡಿಯೂ ಮೊದಲು ತಿನ್ನುವುದು ತಂತಿಗೆ ತಂತಿ ಕೂಡುವ ಜಾಗವನ್ನು. ಹಾಗಾಗಿ ಇಲ್ಲಿ ಹುಡುಕಾಟ ಬಿಸಿಲಿನಿಂದ ಶುರುವಾಗಿ ಚಿಪ್‌ನಲ್ಲಿ ಮುಗಿಯುತ್ತದೆ. ದುಡ್ಡು ಬೇಡದ ಪರೀಕ್ಷೆ ಮೊದಲು, ಬೆಸುಗೆ ಕೊನೆಗೆ.

ಲೆಕ್ಕಕ್ಕೆ ಹಿಡಿದಿರುವ ಯಂತ್ರ ಆಂಟ್‌ಮೈನರ್ ಎಸ್9. ಹಳೆಯದು, ಸೆಕೆಂಡ್‌ಹ್ಯಾಂಡ್‌ನಲ್ಲಿ ಸಿಗುವಂಥದ್ದು: ಲೆಕ್ಕ ಮಾಡುವ ಚಿಪ್‌ಗಳಿರುವ ಮೂರು ಹ್ಯಾಶ್‌ಬೋರ್ಡ್, ಒಂದೊಂದರಲ್ಲಿ 63 ಚಿಪ್, ಸುಮಾರು 13.5 ಟೆರಾಹ್ಯಾಶ್ (ಒಂದು ಟೆರಾಹ್ಯಾಶ್ ಎಂದರೆ ಸೆಕೆಂಡಿಗೆ ಲಕ್ಷ ಕೋಟಿ ಲೆಕ್ಕ), 1,350 ವ್ಯಾಟ್ ಆಸುಪಾಸು. 24 ತಾಸು ಓಡಿದರೆ 32 ಯೂನಿಟ್ ಬೇಕು. ಬಿಸಿಲುಗಾಲದಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 4 ಯೂನಿಟ್ ಕೊಡುತ್ತದೆಂದು ಹಿಡಿದರೂ ಹಗಲೂ ರಾತ್ರಿ ಓಡಿಸಲು 8 ಕಿಲೋವ್ಯಾಟ್ ಪ್ಯಾನೆಲ್ ಬೇಕು, ಮೇಲೆ ರಾತ್ರಿಯ 20 ಯೂನಿಟ್ ಹಿಡಿದಿಡುವ ಬ್ಯಾಟರಿ. ಮನೆಯಲ್ಲಿ 3 ಕಿಲೋವ್ಯಾಟ್ ಇದ್ದವರು ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಓಡಿಸುವುದೇ ಸರಿ. ಈ ಲೆಕ್ಕವೇ ಮೊದಲ ಪರೀಕ್ಷೆ. ಇದು ತಪ್ಪಿದ್ದರೆ ಯಾವ ಬಿಡಿಭಾಗ ಬದಲಿಸಿದರೂ ಯಂತ್ರ ಸಂಜೆ ನಿಲ್ಲುತ್ತಲೇ ಇರುತ್ತದೆ.

ಕೈ ಹಾಕುವ ಮೊದಲು

540 ವ್ಯಾಟ್‌ನ ಮೂರು ಪ್ಯಾನೆಲ್ ಸಾಲಾಗಿ ಜೋಡಿಸಿದರೆ 150 ವೋಲ್ಟ್ ಡಿಸಿ ಹತ್ತಿರ ಬರುತ್ತದೆ, ಬಿಸಿಲು ಇರುವಷ್ಟು ಹೊತ್ತೂ ಬರುತ್ತಲೇ ಇರುತ್ತದೆ. ಓಡುತ್ತಿರುವಾಗ ಎಂಸಿ4 ಕನೆಕ್ಟರ್ (ಪ್ಯಾನೆಲ್ ತಂತಿಗಳನ್ನು ಕೂಡಿಸುವ ಪ್ಲಗ್) ಎಳೆದರೆ ನಡುವೆ ಕಿಡಿ ಎದ್ದು ಹಾಗೇ ಉರಿಯುತ್ತ ನಿಲ್ಲುತ್ತದೆ. ಎಸಿಯಲ್ಲಿ ಸೆಕೆಂಡಿಗೆ ನೂರು ಸಲ ಕರೆಂಟ್ ಸೊನ್ನೆಗೆ ಬರುವುದರಿಂದ ಕಿಡಿ ತಾನೇ ಆರುತ್ತದೆ, ಡಿಸಿಯಲ್ಲಿ ಆ ಸೊನ್ನೆ ಇಲ್ಲ. ಇದೇ ಕಾರಣಕ್ಕೆ ಪ್ಯಾನೆಲ್ ಸಾಲಿಗೆ ಮನೆಯ ಮಾಮೂಲಿ ಎಂಸಿಬಿ ಹಾಕಬಾರದು. ಡಿಸಿ ಎಂದು ಬರೆದದ್ದೇ ಬೇಕು.

ನಿಲ್ಲಿಸುವ ಕ್ರಮ: ಮೊದಲು ಮೈನರ್, ಆಮೇಲೆ ಇನ್ವರ್ಟರ್, ಆಮೇಲೆ ಪ್ಯಾನೆಲ್‌ನ ಐಸೊಲೇಟರ್ (ಪ್ಯಾನೆಲ್ ಕರೆಂಟ್ ಕಡಿಯುವ ಸ್ವಿಚ್), ಕೊನೆಗೆ ಬ್ಯಾಟರಿಯ ಬ್ರೇಕರ್. ಪ್ಯಾನೆಲ್ ಬರುತ್ತಿರುವಾಗಲೇ ಬ್ಯಾಟರಿ ಬಿಚ್ಚಿದರೆ ಚಾರ್ಜ್ ಕಂಟ್ರೋಲರ್ ಸುಡಬಹುದು. ಪಾನಾದ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಕೈಯ ಉಂಗುರ, ಬಳೆ ತೆಗೆದಿಡಿ. ಮೈನರ್‌ನ ಪವರ್ ಸಪ್ಲೈ ಡಬ್ಬಿ ಬಿಚ್ಚಲೇಬೇಡಿ: ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ನಲ್ಲಿ 400 ವೋಲ್ಟ್ ಹತ್ತಿರ ಉಳಿದಿರುತ್ತದೆ. ಗುಡುಗಿನ ಸದ್ದು ಕೇಳಿದ ಮೇಲೆ ಮಾಡು ಹತ್ತುವ ಮಾತೇ ಇಲ್ಲ.

ಬೇಕಾದ ಸಾಮಾನು: ಮಲ್ಟಿಮೀಟರ್, ಡಿಸಿ ಅಳೆಯುವ ಕ್ಲಾಂಪ್ ಮೀಟರ್, ಟಾರ್ಚ್, ಮೆತ್ತಗಿನ ಟೂತ್‌ಬ್ರಷ್, 99 ಪ್ರತಿಶತದ ಐಸೊಪ್ರೊಪೈಲ್ ಆಲ್ಕೊಹಾಲ್.

ಲಕ್ಷಣ: ದೀಪವಿಲ್ಲ, ಫ್ಯಾನ್ ಇಲ್ಲ, ಜೀವವೇ ಇಲ್ಲ

ಅದೇ ಸಾಕೆಟ್‌ಗೆ ಇಸ್ತ್ರಿ ಪೆಟ್ಟಿಗೆ ಹಾಕಿ ನೋಡಿ. ಬಲ್ಬ್ ಹಾಕಿದರೆ ಸಾಲದು. ಸಡಿಲ ಜೋಡಣೆಯಲ್ಲೂ ಬಲ್ಬ್ ಉರಿಯುತ್ತದೆ, ಭಾರ ಬಿದ್ದಾಗ ಮಾತ್ರ ತಪ್ಪು ತೋರುತ್ತದೆ. ಇಸ್ತ್ರಿ ಕಾದರೆ, ಅದು ಓಡುತ್ತಿರುವಾಗಲೇ ಪಕ್ಕದ ಸಾಕೆಟ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಎಸ್9ರ ಜೊತೆ ಬರುವ ಎಪಿಡಬ್ಲ್ಯು3++ ಪವರ್ ಸಪ್ಲೈ 1,600 ವ್ಯಾಟ್ ಕೊಡಬೇಕಾದರೆ 205 ವೋಲ್ಟ್‌ಗಿಂತ ಮೇಲೆ ಬೇಕು. ಹಳ್ಳಿಯ ಲೈನಿನ ಕೊನೆಯ ಮನೆಗಳಲ್ಲಿ ಸಂಜೆ ಪಂಪ್‌ಸೆಟ್ ಹೊತ್ತಿಗೆ ಇದು 180ಕ್ಕೆ ಇಳಿಯುವುದುಂಟು. ಆಗ ಯಂತ್ರ ಏಳದಿದ್ದರೆ ತಪ್ಪು ಯಂತ್ರದ್ದಲ್ಲ.

ಹೆಸ್ಕಾಂ ಲೈನಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಸೋಲಾರ್ ಇರುವವರು ಹೆಚ್ಚಾಗಿ ಕೇಳುವುದು ಇದು: ರಣಬಿಸಿಲಿದೆ, ಕರೆಂಟ್ ಹೋದ ಕೂಡಲೇ ಎಲ್ಲ ನಿಂತಿತು, ಏಕೆ? ಅದು ದೋಷವೇ ಅಲ್ಲ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ಮಾಡಿನ ಕರೆಂಟ್ ಹೊಡೆಯಬಾರದೆಂದು ಇನ್ವರ್ಟರ್ ತಾನೇ ನಿಲ್ಲುತ್ತದೆ. ಅದನ್ನು ಸರಿಪಡಿಸುತ್ತೇನೆಂದು ಯಾರಾದರೂ ಬಂದರೆ ಒಳಗೆ ಬಿಡಬೇಡಿ.

ಸಾಕೆಟ್ ಸರಿಯಿದ್ದರೆ ಪವರ್ ಸಪ್ಲೈಯ 6 ಪಿನ್‌ ಕನೆಕ್ಟರ್‌ನಲ್ಲಿ ಡಿಸಿ ಅಳೆಯಿರಿ. 12 ವೋಲ್ಟ್ ಇರಬೇಕು. ಏನೂ ಇಲ್ಲವೆಂದರೆ ಎಲ್ಲ ಕನೆಕ್ಟರ್ ತೆಗೆದು ಮತ್ತೆ ಅಳೆಯಿರಿ. ಆಗ 12 ಬಂದರೆ ಯಾವುದೋ ಬೋರ್ಡ್ ಒಳಗೆ ಶಾರ್ಟ್ ಆಗಿದೆ. ಒಂದೊಂದೇ ಬೋರ್ಡ್ ಜೋಡಿಸುತ್ತ ಹೋದರೆ ಯಾವುದು ಎಂದು ಸಿಗುತ್ತದೆ. ಖಾಲಿ ಇದ್ದಾಗ 12, ಓಡುವಾಗ 11.5ಕ್ಕಿಂತ ಕೆಳಗೆ ಎಂದರೆ ಪವರ್ ಸಪ್ಲೈ ಸೋತಿದೆ, ಬದಲಿಸಿ.

ಲಕ್ಷಣ: ಮೋಡ ಕವಿದಾಗ ಅಥವಾ ಸಂಜೆ ಹೊತ್ತಿಗೆ ಮೈನರ್ ತಾನೇ ಆರಿ ಹೊತ್ತುತ್ತದೆ

ಮನೆಯ ಸೋಲಾರ್ ಮೈನಿಂಗ್‌ನಲ್ಲಿ ಹೆಚ್ಚು ಕಾಡುವುದು ಇದೇ. ಇದಕ್ಕೆ ಹೊತ್ತು ಕೊಟ್ಟು ನೋಡಬೇಕು.

ಮೊದಲು ಖರ್ಚಿಲ್ಲದ್ದು. ಹೈಬ್ರಿಡ್ ಇನ್ವರ್ಟರ್‌ನ (ಪ್ಯಾನೆಲ್, ಬ್ಯಾಟರಿ, ಲೈನ್ ಮೂರನ್ನೂ ಬಳಸುವುದು) ಸೆಟ್ಟಿಂಗ್‌ನಲ್ಲಿ ಎಪಿಎಲ್ (ಮನೆಯ ಸಾಮಾನು ಉಪಕರಣಗಳಿಗೆ), ಯುಪಿಎಸ್ (ಕಂಪ್ಯೂಟರ್‌ನಂಥವಕ್ಕೆ) ಎಂದು ಎರಡು ಆಯ್ಕೆ ಇರುತ್ತವೆ. ಎಪಿಎಲ್‌ನಲ್ಲಿ ಲೈನಿನಿಂದ ಬ್ಯಾಟರಿಗೆ ಬದಲಾಗಲು ಸುಮಾರು 20 ಮಿಲಿಸೆಕೆಂಡ್, ಯುಪಿಎಸ್‌ನಲ್ಲಿ 10. ಫ್ರಿಜ್‌ಗೆ ವ್ಯತ್ಯಾಸ ಗೊತ್ತಾಗದು, ಮೈನರ್‌ಗೆ ಗೊತ್ತಾಗುತ್ತದೆ. ಯುಪಿಎಸ್‌ಗೆ ಇಡಿ. ಎರಡನೆಯದು, ಕಡಿತದ ಸೆಟ್ಟಿಂಗ್: ಬ್ಯಾಟರಿ ಎಷ್ಟಕ್ಕೆ ಇಳಿದಾಗ ಇನ್ವರ್ಟರ್ ನಿಲ್ಲಬೇಕು, ಎಷ್ಟಕ್ಕೆ ಏರಿದಾಗ ಮತ್ತೆ ಚಾಲೂ ಆಗಬೇಕು ಎಂಬುದು. 51.2 ವೋಲ್ಟ್‌ನ ಲಿಥಿಯಂ ಬ್ಯಾಟರಿಗೆ ಕಡಿತ 48, ವಾಪಸ್ 49 ಎಂದು ಇಟ್ಟರೆ ಹೀಗಾಗುತ್ತದೆ: 48ಕ್ಕೆ ಇಳಿದು ಕಡಿತ, ಭಾರ ಹೋದ ಕೂಡಲೇ ಬ್ಯಾಟರಿ ತಾನೇ 50ಕ್ಕೆ ಏರಿ ಮತ್ತೆ ಚಾಲೂ, ಮೈನರ್ ಎದ್ದ ಎರಡು ನಿಮಿಷಕ್ಕೆ ಮತ್ತೆ ಕಡಿತ. ರಾತ್ರಿಯೆಲ್ಲ ಇದೇ ಆಟ. ಎರಡರ ನಡುವೆ ಕನಿಷ್ಠ 4 ವೋಲ್ಟ್ ಅಂತರ ಬಿಡಿ.

ಇಷ್ಟಾದರೂ ನಿಲ್ಲದಿದ್ದರೆ ಮೀಟರ್ ತೆಗೆದುಕೊಳ್ಳಿ. ಮೈನರ್ ಪೂರ್ತಿ ಓಡುತ್ತಿರುವಾಗ ಬ್ಯಾಟರಿಯ ಎರಡು ಕಂಬಗಳ (ಪ್ಲಸ್, ಮೈನಸ್ ಟರ್ಮಿನಲ್) ಮೇಲೆ, ಲಗ್‌ನ ಮೇಲಲ್ಲ, ನೇರ ಕಂಬದ ಲೋಹದ ಮೇಲೆ ಅಳೆದು ಬರೆದುಕೊಳ್ಳಿ. ಆಮೇಲೆ ಇನ್ವರ್ಟರ್‌ನ ಬ್ಯಾಟರಿ ಟರ್ಮಿನಲ್‌ನಲ್ಲಿ ಅಳೆಯಿರಿ. ಎರಡರ ವ್ಯತ್ಯಾಸ ಅರ್ಧ ವೋಲ್ಟ್ ದಾಟಿದ್ದರೆ ನಡುವೆ ಎಲ್ಲೋ ಕರೆಂಟ್ ಶಾಖವಾಗುತ್ತಿದೆ. ಕಂಬ–ಲಗ್, ಲಗ್–ತಂತಿ, ಫ್ಯೂಸ್‌ನ ಎರಡು ತುದಿ, ಬ್ರೇಕರ್‌ನ ಎರಡು ತುದಿ ಹೀಗೆ ಒಂದೊಂದು ಜೋಡಣೆಯ ಆಚೀಚೆ ಮೀಟರ್ ಮುಳ್ಳು ಇಟ್ಟು ನೋಡಿ. ಹೆಚ್ಚು ತೋರಿಸಿದ್ದೇ ಕಳ್ಳ.

1,350 ವ್ಯಾಟ್‌ಗೆ 48 ವೋಲ್ಟ್ ವ್ಯವಸ್ಥೆಯಲ್ಲಿ ಸುಮಾರು 30 ಆಂಪಿಯರ್ ಹರಿಯುತ್ತದೆ. ಒಂದು ಕಿಲುಬು ಹಿಡಿದ ಜೋಡಣೆ 10 ಮಿಲಿಓಮ್ ಇದ್ದರೆ ಅಲ್ಲಿ 9 ವ್ಯಾಟ್ ಶಾಖ. ಅದೇ ಯಂತ್ರ 24 ವೋಲ್ಟ್‌ನಲ್ಲಿ ಓಡಿದರೆ 60 ಆಂಪಿಯರ್, ಶಾಖ 36 ವ್ಯಾಟ್: ಸಣ್ಣ ಬೆಸುಗೆ ಕೋಲಿನಷ್ಟು. ಪ್ಲಾಸ್ಟಿಕ್ ಕರಗುವುದು, ಬ್ರೇಕರ್ ಕಂದುಗಟ್ಟುವುದು ಹೀಗೆಯೇ. 12 ವೋಲ್ಟ್ ವ್ಯವಸ್ಥೆಯಲ್ಲಿ ಎಸ್9 ಓಡಿಸುವ ಯೋಚನೆಯನ್ನು ಬಿಟ್ಟುಬಿಡಿ.

ಕರಾವಳಿಯ ಲಗ್ ಹೇಗಿರುತ್ತದೆ ಎಂದರೆ, ಮೇಲೆ ತವರದ ಹೊಳಪು ಹಾಗೇ ಇರುತ್ತದೆ. ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಕೊಯ್ದು ನೋಡಿದರೆ ಒಳಗಿನ ತಾಮ್ರದ ಎಳೆಗಳು ಕಪ್ಪಾಗಿ, ಬುಡದಲ್ಲಿ ಹಸಿರು ಪುಡಿ, ಎಳೆ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ಉಜ್ಜಿ ಉಪಯೋಗವಿಲ್ಲ. ತಾಮ್ರ ಕೆಂಪಗೆ ಕಾಣುವವರೆಗೆ ತಂತಿ ಕತ್ತರಿಸಿ, ತವರ ಲೇಪಿಸಿದ ಹೊಸ ಲಗ್ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿಸಿ, ಒಳಗೆ ಅಂಟು ಇರುವ ಹೀಟ್‌ಶ್ರಿಂಕ್ ಹಾಕಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ಸುತ್ತಿಗೆಯಲ್ಲಿ ಜಜ್ಜಿದ ಲಗ್ ಒಂದು ಮಳೆಗಾಲ ಕಳೆಯುವುದಿಲ್ಲ.

ಜೋಡಣೆಯೆಲ್ಲ ಸರಿಯಿದ್ದು ಬ್ಯಾಟರಿಯ ಕಂಬದಲ್ಲೇ ವೋಲ್ಟೇಜ್ ಕುಸಿದರೆ ಬ್ಯಾಟರಿಯೇ ರೋಗಿ. ಲಿಥಿಯಂ ಫಾಸ್ಫೇಟ್‌ನಲ್ಲಿ ಹೊರಗಿನ ವೋಲ್ಟೇಜ್ ನೋಡಿ ಚಾರ್ಜ್ ಹೇಳಲು ಬರುವುದಿಲ್ಲ, ನಡುವಿನ ಭಾಗ ಬಹುತೇಕ ಒಂದೇ ಮಟ್ಟ. ಬಿಎಂಎಸ್‌ನ (ಬ್ಯಾಟರಿಯೊಳಗೆ ಸೆಲ್‌ಗಳನ್ನು ಕಾಯುವ ಬೋರ್ಡ್) ಆ್ಯಪ್‌ನಲ್ಲಿ 16 ಸೆಲ್‌ಗಳನ್ನು ಒಂದೊಂದಾಗಿ ನೋಡಿ. ಅರ್ಧ ಚಾರ್ಜ್‌ನಲ್ಲಿ, ಭಾರವಿಲ್ಲದಾಗ, ಒಂದು ಸೆಲ್ ಉಳಿದವಕ್ಕಿಂತ 50 ಮಿಲಿವೋಲ್ಟ್‌ಗೂ ಹೆಚ್ಚು ಕೆಳಗಿದ್ದರೆ ಇಡೀ ಬ್ಯಾಟರಿಯನ್ನು ಬೀಳಿಸುವುದು ಅದೇ. ಟ್ಯೂಬ್ಯುಲರ್ (ಆ್ಯಸಿಡ್ ತುಂಬಿದ ಸೀಸದ) ಬ್ಯಾಟರಿಯಾದರೆ ಪೂರ್ತಿ ಚಾರ್ಜ್ ಆದ ಮೇಲೆ ಆ್ಯಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ: 1.24ರಿಂದ 1.26 ಆರೋಗ್ಯ, ಒಂದು ಸೆಲ್ ಮಾತ್ರ 1.18ರಲ್ಲಿ ನಿಂತಿದ್ದರೆ ಅದು ಹೋಗಿದೆ. 150 ಆಂಪಿಯರ್‌ಅವರ್‌ನ ನಾಲ್ಕು ಟ್ಯೂಬ್ಯುಲರ್ ಕೂಡಿದರೂ ಹಿಡಿಯುವುದು 7.2 ಯೂನಿಟ್, ಬಳಸಬೇಕಾದ್ದು ಅದರರ್ಧ. ಎಸ್9ಗೆ ಸುಮಾರು ಎರಡೂವರೆ ತಾಸಿನ ಊಟ.

ಇಲ್ಲಿ ನಿಲ್ಲಿ: ಲಿಥಿಯಂ ಡಬ್ಬಿ ಉಬ್ಬಿದ್ದರೆ, ಸಿಹಿಯಾದ ರಾಸಾಯನಿಕ ವಾಸನೆ ಬಂದರೆ, ಅಥವಾ ಟ್ಯೂಬ್ಯುಲರ್ ಬ್ಯಾಟರಿ ಮುಟ್ಟಲಾಗದಷ್ಟು ಕಾದು ಕೊಳೆತ ಮೊಟ್ಟೆಯ ವಾಸನೆ ಬಂದರೆ. ಹತ್ತಿರ ಹೋಗದೆ ಕೈಗೆಟಕುವಂತಿದ್ದರೆ ಬ್ರೇಕರ್ ಇಳಿಸಿ, ಕಿಟಕಿ ತೆಗೆದು, ಎಲ್ಲರನ್ನೂ ಹೊರಗೆ ಕಳಿಸಿ, ಹಾಕಿಕೊಟ್ಟವರನ್ನು ಕರೆಯಿರಿ.

ಲಕ್ಷಣ: ಬಿಸಿಲು ಚೆನ್ನಾಗಿದೆ, ಪ್ಯಾನೆಲ್ ಕೊಡುತ್ತಿಲ್ಲ

ಮೊದಲು ಕಣ್ಣಿನ ಕೆಲಸ. ತೆಂಗಿನ ಒಂದು ಹೆಡೆಯ ನೆರಳು ಪ್ಯಾನೆಲ್‌ನ ಮೂರನೇ ಒಂದು ಭಾಗವನ್ನು ಮಲಗಿಸಬಲ್ಲದು. ಸಮುದ್ರದ ಬದಿಯಲ್ಲಿ ಗಾಜಿನ ಮೇಲೆ ಬಿಳಿ ಪೊರೆ, ಶಿರಸಿ, ಸಿದ್ದಾಪುರದ ಕಡೆ ಕೆಳಗಿನ ಚೌಕಟ್ಟಿನಂಚಿಗೆ ಹಾವಸೆಯ ಹಸಿರು ಪಟ್ಟಿ. ಬೆಳಿಗ್ಗೆ 8ರೊಳಗೆ ಸಿಹಿನೀರು, ಮೆತ್ತಗಿನ ಬಟ್ಟೆಯಿಂದ ತೊಳೆಯಿರಿ. ನಡು ಮಧ್ಯಾಹ್ನ ಕಾದ ಗಾಜಿನ ಮೇಲೆ ಬಾವಿಯ ತಣ್ಣೀರು ಸುರಿದರೆ ಬಿರುಕು ಬಿಡಬಹುದು.

ಆಮೇಲೂ ಕಡಿಮೆಯಿದ್ದರೆ, ನಿಲ್ಲಿಸುವ ಕ್ರಮದಲ್ಲಿ ಎಲ್ಲ ಆರಿಸಿ, ಪ್ರತಿ ಪ್ಯಾನೆಲ್‌ನ ವೋಲ್ಟೇಜ್ ಬೇರೆ ಬೇರೆ ಅಳೆಯಿರಿ. 540 ವ್ಯಾಟ್‌ನದು ಕಂಪನಿಯ ವಿವರದ ಹಾಳೆಯ ಮೇಲೆ 49 ವೋಲ್ಟ್ ಎಂದಿರುತ್ತದೆ. ಕಾದ ಮಾಡಿನ ಮೇಲೆ 44–46 ಬಂದರೆ ಸರಿಯೇ. ಒಂದು ಮಾತ್ರ 30ರ ಸುತ್ತ ನಿಂತಿದ್ದರೆ ಹಿಂದಿನ ಡಬ್ಬಿಯಲ್ಲಿರುವ ಮೂರು ಬೈಪಾಸ್ ಡಯೋಡ್‌ಗಳಲ್ಲಿ (ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ದಾಟಿಸುವ ಬಿಡಿಭಾಗ) ಒಂದು ಶಾರ್ಟ್ ಆಗಿದೆ, ಮೂರನೇ ಒಂದು ಭಾಗ ಕಳೆದಿದೆ. ಏಪ್ರಿಲ್–ಮೇ ತಿಂಗಳ ಸಿಡಿಲಿನ ನಂತರ ಇದು ಹೆಚ್ಚು. ಡಯೋಡ್ ಬೆಲೆ ಕಡಿಮೆ, ಆದರೆ ಡಬ್ಬಿಗೆ ಸಿಲಿಕೋನ್ ತುಂಬಿದ್ದರೆ ಪ್ಯಾನೆಲ್ ಬದಲಿಸುವುದೇ ಸುಲಭ.

ಇನ್ನೊಂದು ಗುರುತು: ಮಳೆ ಬಿದ್ದ ಮರುದಿನ ಬೆಳಿಗ್ಗೆ ಇನ್ವರ್ಟರ್ ‘ಐಸೊಲೇಷನ್’ ದೋಷ ತೋರಿಸಿ, 10 ಗಂಟೆ ಹೊತ್ತಿಗೆ ತಾನೇ ಸರಿಯಾಗುತ್ತದೆ. ಎಲ್ಲೋ ನೀರು ಒಳಗಿಳಿದು ಕರೆಂಟ್ ಚೌಕಟ್ಟಿಗೆ ಸೋರುತ್ತಿದೆ, ಒಣಗಿದ ಮೇಲೆ ನಿಲ್ಲುತ್ತಿದೆ. ತಾನೇ ಹೋಯಿತಲ್ಲ ಎಂದು ಬಿಡಬೇಡಿ. ಎಂಸಿ4 ಬಿಚ್ಚಿದಾಗ ಪಿನ್ ಮೇಲೆ ಬಿಳಿ–ಹಸಿರು ಪುಡಿ ಇದ್ದರೆ ಎರಡೂ ಬದಿ, ಒಂದೇ ಕಂಪನಿಯದ್ದು, ಬದಲಿಸಿ. ಇಲಿ ಕಡಿದ ತಂತಿಯೋ, ಶೀಟಿನ ಅಂಚಿಗೆ ಸವೆದ ತಂತಿಯೋ ಇದ್ದರೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನ ಕೆಲಸ ಅದು.

ಲಕ್ಷಣ: ಮೈನರ್ ಮುಟ್ಟಿದರೆ ಜುಮ್ಮೆನ್ನುತ್ತದೆ

ಕೂಡಲೇ ಆರಿಸಿ. ಪವರ್ ಸಪ್ಲೈಯ ಒಳಗಿನ ಫಿಲ್ಟರ್, ಅರ್ತ್ ಇಲ್ಲದಾಗ ತಗಡಿನ ಮೈಗೆ 115 ವೋಲ್ಟ್ ಹತ್ತಿರ ತಂದಿಡುತ್ತದೆ. ಅಂದರೆ ಅರ್ತ್ ತಂತಿ ಎಲ್ಲೋ ತುಂಡಾಗಿದೆ ಅಥವಾ ನೆಲದ ಅರ್ತ್ ಗುಂಡಿ ಒಣಗಿದೆ. ನಮ್ಮ ಚಿರೇಕಲ್ಲಿನ ನೆಲ ಮಾರ್ಚ್ ದಾಟಿದ ಮೇಲೆ ನೀರು ಹಿಡಿಯುವುದಿಲ್ಲ. ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕುವುದನ್ನು ಬೇಸಿಗೆಯ ಕೆಲಸವಾಗಿ ಇಟ್ಟುಕೊಳ್ಳಿ. ಅರ್ತ್ ಪ್ರತಿರೋಧ 5 ಓಮ್‌ಗಿಂತ ಕಡಿಮೆ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ಅಳತೆ ಮಾಡಿಸಿ. ಸರಿಯಾಗುವವರೆಗೆ ಯಂತ್ರ ಬೇಡ.

ಲಕ್ಷಣ: ಫ್ಯಾನ್ ಅಬ್ಬರಿಸುತ್ತಿದೆ, ಹ್ಯಾಶ್ ಸೊನ್ನೆ

ಚಾಲೂ ಆದ ಮೊದಲ ಕೆಲವು ನಿಮಿಷ ಹೀಗಿರುವುದು ಸಹಜ. ಹತ್ತು ನಿಮಿಷ ದಾಟಿದರೆ ರೌಟರ್ ನೋಡಿ: ಮೈನರ್ ಸೋಲಾರ್‌ನಲ್ಲಿದ್ದು ರೌಟರ್ ಹೆಸ್ಕಾಂ ಲೈನಿನಲ್ಲಿದ್ದರೆ, ಕರೆಂಟ್ ಹೋದಾಗ ಯಂತ್ರ ಓಡಿಯೂ ದುಡಿಯುವುದಿಲ್ಲ. ರೌಟರನ್ನೂ ಸೋಲಾರ್‌ಗೆ ಹಾಕಿ. ಬ್ರೌಸರ್‌ನಲ್ಲಿ ಮೈನರ್‌ನ ಪುಟ ತೆರೆಯದಿದ್ದರೆ ರೌಟರ್‌ನಲ್ಲಿ ಅದರ ಹೊಸ ಐಪಿ (ನೆಟ್‌ವರ್ಕ್ ವಿಳಾಸ) ಹುಡುಕಿ. ತೆರೆದರೆ ಪೂಲ್ (ಹಲವರು ಕೂಡಿ ಮೈನಿಂಗ್ ಮಾಡುವ ಗುಂಪು) ವಿಳಾಸ ಜೀವಂತವಿದೆಯೇ ನೋಡಿ. ಎರಡು ಫ್ಯಾನ್‌ಗಳಲ್ಲಿ ಒಂದರ ವೇಗ ಸೊನ್ನೆ ಎಂದು ಲಾಗ್ (ಯಂತ್ರ ತಾನೇ ಬರೆದಿಡುವ ದಾಖಲೆ) ಹೇಳಿದರೆ ಯಂತ್ರ ಬೋರ್ಡ್‌ಗೆ ಕರೆಂಟ್ ಕೊಡುವುದೇ ಇಲ್ಲ. ಫ್ಯಾನ್‌ಗಳ ಪ್ಲಗ್ ಅದಲುಬದಲು ಮಾಡಿ: ದೋಷ ಫ್ಯಾನಿನ ಜೊತೆ ಹೋದರೆ ಫ್ಯಾನ್ ಬದಲಿಸಿ, ಜಾಗದಲ್ಲೇ ಉಳಿದರೆ ಕಂಟ್ರೋಲ್ ಬೋರ್ಡ್ ಕಾರಣ. ಬ್ಲೋವರ್‌ನಲ್ಲಿ ಧೂಳು ಹೊಡೆಯುವಾಗ ರೆಕ್ಕೆ ಹಿಡಿದುಕೊಳ್ಳಿ, ಗಾಳಿಗೆ ತಿರುಗಿದ ಫ್ಯಾನ್ ತಾನೇ ವೋಲ್ಟೇಜ್ ಹುಟ್ಟಿಸಿ ಬೋರ್ಡ್‌ಗೆ ಕಳಿಸುತ್ತದೆ.

ಬಿಸಿಯಿಂದ ನಿಲ್ಲುತ್ತಿದ್ದರೆ ಔಷಧ ಒಂದೇ: ಒಳಬರುವ ಗಾಳಿ 40 ಡಿಗ್ರಿ ದಾಟಬಾರದು, ಬಿಸಿಗಾಳಿ ಕೋಣೆಯ ಹೊರಗೆ ಹೋಗಬೇಕು. ಮೇ ತಿಂಗಳಲ್ಲಿ ತಗಡಿನ ಶೆಡ್ ಅದಕ್ಕೆ ತಕ್ಕ ಜಾಗವಲ್ಲ. ಬ್ರೇನ್ಸ್ ಓಎಸ್‌ನಂಥ ಫರ್ಮ್‌ವೇರ್ (ಯಂತ್ರವನ್ನು ನಡೆಸುವ ಸಾಫ್ಟ್‌ವೇರ್) ಹಾಕಿ ಶಕ್ತಿಯನ್ನು 800 ವ್ಯಾಟ್‌ಗೆ ಇಳಿಸಿದರೆ ಬಿಸಿಯೂ ಕಡಿಮೆ, ಬ್ಯಾಟರಿಗೂ ಹಗುರ, ಪ್ರತಿ ಟೆರಾಹ್ಯಾಶ್‌ಗೆ ತಗಲುವ ಕರೆಂಟೂ ಇಳಿಯುತ್ತದೆ. ಸೋಲಾರ್ ಮನೆಗೆ ಇದಕ್ಕಿಂತ ಒಳ್ಳೆಯ ದುರಸ್ತಿ ಇನ್ನೊಂದಿಲ್ಲ ಎಂದೇ ಹೇಳಬೇಕು. ಫರ್ಮ್‌ವೇರ್ ಬೇಡವೆಂದರೆ ಒಂದೇ ಬೋರ್ಡ್ ಜೋಡಿಸಿ ಓಡಿಸಿ, 450 ವ್ಯಾಟ್ ಆಸುಪಾಸಿನಲ್ಲಿ ನಡೆಯುತ್ತದೆ.

ಲಕ್ಷಣ: ಮೂರು ಬೋರ್ಡ್‌ನಲ್ಲಿ ಒಂದು ಕಾಣುತ್ತಿಲ್ಲ

ಆರಿಸಿ, ಐದು ನಿಮಿಷ ಬಿಟ್ಟು, ಆ ಬೋರ್ಡ್‌ನ ರಿಬ್ಬನ್ ಕೇಬಲನ್ನು ಪಕ್ಕದ ಬೋರ್ಡ್‌ನದರ ಜೊತೆ ಬದಲಿಸಿ. ದೋಷ ಕೇಬಲ್ ಜೊತೆ ಹೋಯಿತೇ? ಹೊಸ ಕೇಬಲ್. ಇಲ್ಲದಿದ್ದರೆ 6 ಪಿನ್‌ ಕನೆಕ್ಟರ್ ನೋಡಿ: ಒಂದು ತೂತು ಕಂದಾಗಿದ್ದರೆ, ಪ್ಲಾಸ್ಟಿಕ್ ಸುಕ್ಕುಗಟ್ಟಿದ್ದರೆ ಆ ಪಿನ್ ಸಡಿಲವಾಗಿ ಸುಟ್ಟಿದೆ. ಒಂದು ಬೋರ್ಡ್‌ನ ಮೂರೂ ಕನೆಕ್ಟರ್ ಒಂದೇ ಪವರ್ ಸಪ್ಲೈಯಿಂದ ಬರಬೇಕು. ಎರಡರಿಂದ ಹಂಚಿ ಕೊಟ್ಟರೆ ಬೋರ್ಡ್ ಹೋಗುತ್ತದೆ.

ಆಮೇಲೆ ಬೋರ್ಡ್ ಹೊರತೆಗೆದು ಟಾರ್ಚ್ ಓರೆಯಾಗಿ ಹಿಡಿಯಿರಿ. ಗಾಳಿ ಒಳಬರುವ ಅಂಚಿನ ಮೊದಲ ಸಾಲಿನ ಚಿಪ್‌ಗಳ ಕಾಲುಗಳ ನಡುವೆ ಹಸಿರು ಅಥವಾ ಬಿಳಿ ಹೊಪ್ಪಳಿಕೆ ಇದ್ದರೆ ಉಪ್ಪಿನ ಕೆಲಸ. ಉಪ್ಪು ಗಾಳಿಯ ತೇವ ಹೀರಿ ಕರೆಂಟ್‌ಗೆ ದಾರಿ ಮಾಡಿಕೊಡುತ್ತದೆ. ಆಲ್ಕೊಹಾಲ್‌ನಲ್ಲಿ ಬ್ರಷ್ ಅದ್ದಿ, ಉಜ್ಜದೆ ಒರೆಸಿದಂತೆ ಎರಡು ಮೂರು ಸಲ ತೊಳೆದು, ಒಂದು ದಿನ ಒಣಗಿಸಿ. ಹತ್ತಿರದಲ್ಲಿ ಬೆಂಕಿ, ಊದುಬತ್ತಿ ಬೇಡ. ಹೀಟ್‌ಸಿಂಕ್‌ಗಳ ನಡುವೆ ಸತ್ತ ಹಲ್ಲಿ, ಕಣಜದ ಮಣ್ಣುಗೂಡು ಇದೆಯೇ ಎಂದೂ ನೋಡಿ. ಎರಡೂ ಇಲ್ಲಿ ಅಪರೂಪವಲ್ಲ. ಒಳಗಾಳಿಯ ಬದಿಗೆ 3–4 ಮಿಲಿಮೀಟರ್ ಕಣ್ಣಿನ ಜಾಳಿಗೆ ಹಾಕಿದರೆ ಸಾಕು, ಸೊಳ್ಳೆಪರದೆ ಹಾಕಿದರೆ ಗಾಳಿಯೇ ಕಟ್ಟುತ್ತದೆ.

ತೊಳೆದರೂ ಏಳದಿದ್ದರೆ ಲಾಗ್ ಓದಿ. ಪ್ರತಿ ಬೋರ್ಡ್‌ನಲ್ಲಿ ಎಷ್ಟು ಚಿಪ್ ಸಿಕ್ಕವು ಎಂಬ ಸಾಲು ಅದರಲ್ಲಿರುತ್ತದೆ. 63 ಎಂದಿದ್ದರೆ ಸರಪಳಿ ಪೂರ್ತಿ ಇದೆ. 30 ಎಂದಿದ್ದರೆ ಹುಡುಕಬೇಕಾದ್ದು 30–31ನೇ ಚಿಪ್‌ನ ಸುತ್ತ. ಸೊನ್ನೆ ಎಂದರೆ ಬೋರ್ಡ್‌ನ ಕರೆಂಟ್ ಭಾಗವೋ ಮೊದಲ ಚಿಪ್ಪೋ. ಕೈ ಪಳಗಿದವರು ಓಡುವ ಬೋರ್ಡ್‌ನ ಪರೀಕ್ಷಾ ಚುಕ್ಕೆಗಳಲ್ಲಿ (ಮೀಟರ್ ಇಟ್ಟು ಅಳೆಯಲೆಂದೇ ಬಿಟ್ಟ ಜಾಗ) ಸಿಎಲ್‌ಕೆ 0.9, ಸಿಒ 1.8, ಆರ್‌ಐ 1.8, ಬಿಒ 0, ಆರ್‌ಎಸ್‌ಟಿ 1.8 ವೋಲ್ಟ್ ಇದೆಯೇ ನೋಡಬಹುದು. ಮೂರು ಮೂರು ಚಿಪ್‌ನ 21 ಗುಂಪುಗಳಲ್ಲಿ ಪ್ರತಿಯೊಂದಕ್ಕೂ ಸುಮಾರು 0.4 ವೋಲ್ಟ್ ಬರಬೇಕು. ಒಂದರಲ್ಲಿ ಸೊನ್ನೆ ಎಂದರೆ ಅಲ್ಲಿ ಶಾರ್ಟ್. ಮೀಟರ್ ಮುಳ್ಳು ಒಂದು ಕೂದಲೆಳೆ ಜಾರಿದರೂ ಇನ್ನೊಂದು ಚಿಪ್ ಹೋಗುತ್ತದೆ. ಬಿಸಿಗಾಳಿಯಿಂದ ಚಿಪ್ ಎಬ್ಬಿಸುವುದನ್ನು ಮೊದಲ ಸಲ ಒಳ್ಳೆಯ ಬೋರ್ಡ್ ಮೇಲೆ ಕಲಿಯಬೇಡಿ.

ಲಕ್ಷಣ: ಮಳೆಗಾಲ ನಿಲ್ಲಿಸಿಟ್ಟ ಯಂತ್ರ ದಸರೆಯ ಹೊತ್ತಿಗೆ ಏಳುವುದಿಲ್ಲ

ಓಡುವ ಯಂತ್ರ ತನ್ನ ಬಿಸಿಯಿಂದ ತಾನೇ ಒಣಗಿರುತ್ತದೆ, ನಿಂತದ್ದು ಥಂಡಿ ಹೀರುತ್ತದೆ. ಮೃಗಶಿರೆಯ ಮಳೆ ಹಿಡಿಯುವ ಮೊದಲೇ ತೊಳೆದು ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡ್ರಮ್‌ನಲ್ಲಿ ಇಡಿ. ಲಿಥಿಯಂ ಬ್ಯಾಟರಿಯನ್ನು 50–60 ಪ್ರತಿಶತದಲ್ಲಿ ನಿಲ್ಲಿಸಿ. ಹಾಗೆ ಇಟ್ಟಿಲ್ಲದಿದ್ದರೆ ನೇರ ಸ್ವಿಚ್ ಒತ್ತಬೇಡಿ. ರಟ್ಟಿನ ಪೆಟ್ಟಿಗೆಯಿಂದ ಹೊರತೆಗೆದು, ಬೆಚ್ಚಗಿನ ಒಣ ಕೋಣೆಯಲ್ಲಿ ಎರಡು ದಿನ ಫ್ಯಾನ್ ಗಾಳಿಗೆ ಇಟ್ಟು, ಮೊದಲು ಒಂದೇ ಬೋರ್ಡ್ ಜೋಡಿಸಿ ಎಬ್ಬಿಸಿ.

ಬಿಟ್‌ಆ್ಯಕ್ಸ್‌ನಂಥ ಚಿಕ್ಕ ಯಂತ್ರಗಳು

ಒಂದೇ ಚಿಪ್‌ನ, 15–18 ವ್ಯಾಟ್‌ನ ಈ ಮೈನರ್‌ಗಳಲ್ಲಿ ಕೆಡುವುದು ಮೂರೇ. 5 ವೋಲ್ಟ್‌ನ ಯಂತ್ರಕ್ಕೆ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರ್ ಚುಚ್ಚಿ ಸುಡುವುದು; 2–3 ಆಂಪಿಯರ್‌ನ ಸಣ್ಣ ಅಡಾಪ್ಟರ್‌ಗೆ ಮತ್ತೆ ಮತ್ತೆ ಆರಿ ಹೊತ್ತುವುದು (5 ಆಂಪಿಯರ್ ಬೇಕು); ಮತ್ತು ವೈಫೈ ಸಿಗದಿರುವುದು, ಅದಕ್ಕೆ ರೌಟರ್‌ನಲ್ಲಿ 2.4 ಗಿಗಾಹರ್ಟ್ಸ್ ಚಾಲೂ ಮಾಡಿ.

ಬೋರ್ಡ್ ಕಳಿಸುವುದಾದರೆ

ಮೊದಲು ಲೆಕ್ಕ ಹಾಕಿ. 2024ರ ಏಪ್ರಿಲ್‌ನಿಂದ ಒಂದು ಬ್ಲಾಕ್‌ಗೆ (ಮೈನರ್‌ಗಳು ದಾಖಲಿಸುವ ವ್ಯವಹಾರಗಳ ಒಂದು ಕಂತೆ) ಸಿಗುವುದು 3.125 ಬಿಟ್‌ಕಾಯಿನ್, ಹಿಂದಿನದರ ಅರ್ಧ. ಭಾರತದಲ್ಲಿ ಕ್ರಿಪ್ಟೋ ಮಾರಾಟದ ಲಾಭಕ್ಕೆ 30 ಪ್ರತಿಶತ ತೆರಿಗೆ, ಕರೆಂಟ್, ದುರಸ್ತಿಯ ಖರ್ಚನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. ಎಸ್9ರ ಒಂದು ಬೋರ್ಡ್‌ಗೆ ದುರಸ್ತಿಯವರು ಹೇಳುವ ದರ ಹಳೆಯ ಬೋರ್ಡ್‌ನ ಬೆಲೆಯ ಅರ್ಧ ದಾಟಿದರೆ ಉಳಿದೆರಡು ಬೋರ್ಡ್‌ನಲ್ಲೇ ಓಡಿಸುವುದು ಜಾಣತನ. ಕಳಿಸಲೇಬೇಕೆಂದರೆ ಸ್ಟ್ಯಾಟಿಕ್ ತಡೆಯುವ ಚೀಲದಲ್ಲಿ ಹಾಕಿ, ಹೀಟ್‌ಸಿಂಕ್ ಅಲುಗದಂತೆ ಎರಡೂ ಬದಿ ಫೋಮ್ ಕೊಟ್ಟು, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಜೊತೆಗೆ ಒಂದು ಹಾಳೆ: ಲಾಗ್‌ನಲ್ಲಿ ಸಿಕ್ಕ ಚಿಪ್ ಸಂಖ್ಯೆ, ಓಡುವಾಗ ಅಳೆದ 12 ವೋಲ್ಟ್‌ನ ಮೌಲ್ಯ, ಯಾವ ಕೇಬಲ್ ಬದಲಿಸಿ ನೋಡಿದಿರಿ, ಆಲ್ಕೊಹಾಲ್‌ನಲ್ಲಿ ತೊಳೆದಿದ್ದೀರೋ ಇಲ್ಲವೋ, ಮತ್ತು ಯಂತ್ರ ಸಮುದ್ರದಿಂದ ಎಷ್ಟು ದೂರದಲ್ಲಿತ್ತು.